200 ಗ್ರಾಂ ಚೀಲ, 300 ಕಿಲೋ ಎಲ್ಕ್

ಜೀನ್ಸು ಹರಿದಷ್ಟೂ ಬೆಲೆ ಏರುವ ದೇಶ ಅಮೆರಿಕ. ಅಲ್ಲಿ ಸರಕಿನಿಂದ ಏನನ್ನಾದರೂ ಕಿತ್ತುಹಾಕಿದರೆ ಅದು ಕೊರತೆ ಅನ್ನಿಸಿಕೊಳ್ಳುವುದಿಲ್ಲ, ಹೆಚ್ಚುಗಾರಿಕೆ ಅನ್ನಿಸಿಕೊಳ್ಳುತ್ತದೆ. ಈ ಪರಂಪರೆಗೆ ಅಲ್ಲಿನ ಬೇಟೆಗಾರರು ಸಲ್ಲಿಸಿರುವ ಕಾಣಿಕೆ ಮರಳಿಲ್ಲದ ಮರಳುಚೀಲ. ಒಳಗಿನ ಮರಳನ್ನೆಲ್ಲ ಸುರಿದುಬಿಟ್ಟು, ಆ ಜಾಗಕ್ಕೆ ಸಾಸಿವೆ ಗಾತ್ರದ ಥರ್ಮೋಕೋಲ್ ಕಾಳು ತುಂಬಿ, ಬಾಯಿ ಹೊಲಿದು, ನೂರು ಡಾಲರ್ ಆಸುಪಾಸಿನ ಬೆಲೆಚೀಟಿ ಅಂಟಿಸಿದರೆ ಆಯಿತು. ಗಿರಾಕಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾನೆ. ಕೈಯಲ್ಲಿ ಏನೂ ಇಲ್ಲ ಅನ್ನಿಸಿದ ಕೂಡಲೇ ಮುಖ ಅರಳುತ್ತದೆ, ಪರ್ಸು ಬಿಚ್ಚುತ್ತಾನೆ.

ಇದು ಯಾವ ಚೀಲ ಎಂದು ಕನ್ನಡದ ಓದುಗರು ಕೇಳಿದರೆ ತಪ್ಪಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಮರ್ಯಾದಸ್ಥರ ಬೇಟೆ ಉಳಿದಿರುವುದು ಕೆನೆತ್ ಆಂಡರ್ಸನ್ ಪುಸ್ತಕಗಳಲ್ಲಿ, ತೇಜಸ್ವಿ ಅವಕ್ಕೆ ತೊಡಿಸಿದ ಕನ್ನಡದಲ್ಲಿ. ಮರ್ಯಾದೆಯಿಲ್ಲದವರ ಬೇಟೆಗೆ ಚೀಲ ಬೇಕಿಲ್ಲ, ಟಾರ್ಚು ಸಾಕು. ಆದರೆ ಅಮೆರಿಕದ ಕೊಲೊರಾಡೊ, ಮೊಂಟಾನಾ, ಐಡಾಹೊ, ವಯೋಮಿಂಗ್‌ಗಳಲ್ಲಿ ಪ್ರತಿ ಶರತ್ಕಾಲ ಲೈಸೆನ್ಸು ಮಾಡಿಸಿ, ಕೋವಿ ಹೆಗಲಿಗೇರಿಸಿ, ದಿನಗಟ್ಟಲೆ ಗುಡ್ಡ ಹತ್ತಿ ಎಲ್ಕ್ ಹುಡುಕುವ ಒಂದು ದೊಡ್ಡ ಸಂಪ್ರದಾಯವೇ ಇದೆ. ಎಲ್ಕ್ ಎಂದರೆ ಕಡವೆಯ ಬಳಗದ ಜಿಂಕೆ; ಬೆಳೆದ ಗಂಡು 300 ಕಿಲೋ ದಾಟುತ್ತದೆ. ಆ ಬೇಟೆಗಾರ ಹೊಟ್ಟೆಯ ಮೇಲೆ ಮಲಗಿ ಗುರಿಯಿಡುವಾಗ ಕೋವಿಯ ಮುಂಭಾಗ ಎರಡು ಕಾಲಿನ ಊರೆಯ ಮೇಲೋ ಬೆನ್ನುಚೀಲದ ಮೇಲೋ ಕೂರುತ್ತದೆ. ಹಿಂಬುಡದ ಕೆಳಗೆ, ಎಡಗೈ ಮುಷ್ಟಿಯೊಳಗೆ ಇರುವುದೇ ನಮ್ಮ ಕಥಾನಾಯಕ. ಚೀಲವನ್ನು ಹಿಂಡಿದರೆ ಹಿಂಬುಡ ಏಳುತ್ತದೆ, ನಳಿಗೆಯ ಮೂತಿ ಇಳಿಯುತ್ತದೆ. ಸಡಿಲ ಬಿಟ್ಟರೆ ತಿರುಗುಮುರುಗು.

ಕೆಲಸ ಸಣ್ಣದಲ್ಲ. ಲೆಕ್ಕ ಹಾಕಿ: ಮುಂದಿನ ಊರೆಯಿಂದ ಹಿಂಬುಡಕ್ಕೆ ಸುಮಾರು ಎರಡಡಿ. ಹಿಂಬುಡ ಒಂದೇ ಒಂದು ಮಿಲಿಮೀಟರ್ ಅಲುಗಿದರೆ 300 ಮೀಟರ್ ಆಚೆ ಗುರಿ ಒಂದೂವರೆ ಅಡಿ ಜಾರುತ್ತದೆ. ಎಲ್ಕ್‌ನ ಹೃದಯ, ಶ್ವಾಸಕೋಶ ಇರುವ ಜಾಗ ಒಂದಡಿಗಿಂತ ಸ್ವಲ್ಪ ಅಗಲ, ಅಷ್ಟೆ. ಆದ್ದರಿಂದ ಹಿಂಬುಡಕ್ಕೊಂದು ಆಸರೆ ಬೇಕು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಆಸರೆಯ ಬಗ್ಗೆ ಅಲ್ಲ, ಅದನ್ನು ಆರಿಸುವ ಮಡಿವಂತಿಕೆಯ ಬಗ್ಗೆ. ನಮ್ಮಲ್ಲಿ ಗಂಡು ಹುಡುಕುವಾಗ ಕೂಡ ಇಷ್ಟು ಕೂಲಂಕಷ ವಿಚಾರಣೆ ನಡೆಯುವುದಿಲ್ಲ.

ಗ್ರಾಂ ಲೆಕ್ಕ ಹುಟ್ಟಿದ್ದಕ್ಕೆ ಕಾರಣವೂ ಇದೆ, ಅದನ್ನು ಹೇಳದೆ ನಗುವುದು ಅನ್ಯಾಯ. 1964ರ ವೈಲ್ಡರ್‌ನೆಸ್ ಕಾಯ್ದೆ ಪ್ರಕಾರ ಅಲ್ಲಿನ ಘೋಷಿತ ಕಾಡುಗಳಲ್ಲಿ ಮೋಟಾರು ನುಗ್ಗುವಂತಿಲ್ಲ. ಮೋಟಾರು ಬಿಡಿ, ಸೈಕಲ್ಲೂ ಇಲ್ಲ, ಕೈಗಾಡಿಯೂ ಇಲ್ಲ. ಕುದುರೆ ಅಥವಾ ಸ್ವಂತ ಬೆನ್ನು, ಎರಡೇ ದಾರಿ. ಕುದುರೆ ಸಾಕುವ ತಾಕತ್ತಿಲ್ಲದವನು ಡೇರೆ, ಒಲೆ, ಅಕ್ಕಿ, ಹಾಸಿಗೆ, ಕೋವಿ ಎಲ್ಲವನ್ನೂ ಹೊತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ ಏದುಸಿರು ಬಿಡುತ್ತ ನಡೆಯಬೇಕು. ಅಲ್ಲಿ ಗಾಳಿ ತೆಳು, ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲೂ ಇರುವುದಿಲ್ಲ. ಅಂಥವನಿಗೆ ಮೂರು ಕಿಲೋ ಮರಳು ಹೊರು ಎಂದರೆ ಅವನು ಹೇಳಿದವನನ್ನೇ ಮೊದಲು ಹೊಡೆದಾನು.

ಹಾಗಾಗಿ ಅವನು ತೂಕ ಇಳಿಸಲು ಹೊರಟ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ. ಚಮಚ ಟೈಟಾನಿಯಂ ಆಯಿತು. ಅಂಗಿಯ ಲೇಬಲ್ ಕಿತ್ತ. ಅಡುಗೆಮನೆಯ ತಕ್ಕಡಿ ಮಲಗುವ ಕೋಣೆಗೆ ಬಂತು, ಹೆಂಡತಿ ನಡುಮನೆಯಲ್ಲಿ ಮಲಗಿದಳು. ಇಷ್ಟೆಲ್ಲ ಮುಗಿಸಿ ಕೊನೆಗೆ ಚೀಲದ ಬಳಿಗೆ ಬರುವ ಹೊತ್ತಿಗೆ ಅವನು ಬೇಟೆಗಾರನಾಗಿ ಉಳಿದಿರಲಿಲ್ಲ. ಅಕ್ಕಸಾಲಿಗನಾಗಿದ್ದ.

ಈಗ ತುಂಬುವ ವಸ್ತುವಿನ ವಿಚಾರ. ಇದರ ಬಗ್ಗೆ ಎರಡು ಬಣ, ನಾಲ್ಕು ಉಪಪಂಗಡ, ಅಸಂಖ್ಯ ಜಗಳಗಳಿವೆ.

ಮರಳಿನವರು ಸನಾತನಿಗಳು. ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುವ ಮರಳು ಒಮ್ಮೆ ಅದುಮಿದರೆ ಅದುಮಿದಂತೆ ಕೂರುತ್ತದೆ, ಎದುರು ಮಾತಾಡುವುದಿಲ್ಲ. ಕೋವಿ ಅದರ ಮೇಲೆ ಸಿಮೆಂಟು ಹಾಕಿದಂತೆ ನಿಲ್ಲುತ್ತದೆ. ಗುರಿಯ ದೃಷ್ಟಿಯಿಂದ ಅದನ್ನು ಮೀರಿಸಿದ್ದು ಇಲ್ಲ. ಎರಡು ಲೀಟರ್ ಚೀಲ ಮೂರು ಕಿಲೋ ದಾಟುತ್ತದೆ ಎಂಬುದೊಂದೇ ದೋಷ. ಕಾರಿನ ಡಿಕ್ಕಿಯಿಂದ ಗುಂಡು ಹೊಡೆಯುವ ಮೈದಾನದವರೆಗೆ ಹೊರುವವರಿಗೆ ಅದು ದೋಷವೂ ಅಲ್ಲ.

ಧಾನ್ಯದವರು ಬಡವರ ಪಕ್ಷ. ಮನೆಯಲ್ಲಿದ್ದ ಅಕ್ಕಿಯನ್ನೋ ಬಾರ್ಲಿಯನ್ನೋ ತುಂಬಿ ಹೊಲಿಯುತ್ತಾರೆ. ಮಳೆ ಬಂದರೆ ಅಕ್ಕಿ ಉಬ್ಬುತ್ತದೆ, ರಾತ್ರಿ ಇಲಿ ಬಂದರೆ ಚೀಲ ಇಳಿಯುತ್ತದೆ. ಜೋಳ ತುಂಬಿದವನ ಪಾಡು ಇನ್ನೂ ಸೊಗಸು. ಕೊಲೊರಾಡೊದಲ್ಲಿ ಆಮಿಷ ಒಡ್ಡಿ ದೊಡ್ಡ ಪ್ರಾಣಿಗಳ ಬೇಟೆಯಾಡುವುದು ಅಪರಾಧ. ಹೊಲಿಗೆ ಬಿಟ್ಟ ಚೀಲದಿಂದ ದಾರಿಯುದ್ದಕ್ಕೂ ಜೋಳ ಉದುರಿಸಿಕೊಂಡು ಹೋದವನು ಅರಣ್ಯಾಧಿಕಾರಿಗೆ ಏನೆಂದು ವಿವರಿಸಬೇಕೋ ನನಗೆ ಹೊಳೆಯದು.

ಮೂರನೆಯವರು ಥರ್ಮೋಕೋಲ್ ಕಾಳಿನವರು; ಇಂದು ಪೀಠ ಇವರದ್ದೇ. ಎರಡು ಲೀಟರ್ ಕಾಳು ನೂರು ಗ್ರಾಂ ಮುಟ್ಟುವುದಿಲ್ಲ, ಬಟ್ಟೆ ಸೇರಿದರೂ ಇನ್ನೂರರೊಳಗೆ. ಹೊರಲು ಸುಖವೋ ಸುಖ. ಆದರೆ ಆ ಕಾಳಿಗೆ ಸ್ವಾಭಿಮಾನ ಜಾಸ್ತಿ. ಅದುಮಿದರೆ ಮರಳಿ ಉಬ್ಬುತ್ತದೆ, ಕೋವಿಯನ್ನು ಮೆಲ್ಲಗೆ ವಾಪಸ್ಸು ತಳ್ಳುತ್ತದೆ. ಹಿಂಡಿದಾಗ ಕಿರ್ ಎನ್ನುತ್ತದೆ. ಬೆಳಗಿನ ಜಾವದ ನಿಶ್ಶಬ್ದದಲ್ಲಿ, ಎಲ್ಕ್‌ನಂಥ ಕಿವಿಯ ಪ್ರಾಣಿಯೆದುರು ಆ ಕಿರ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ.

ಎಲ್ಲಕ್ಕಿಂತ ತುದಿಯಲ್ಲಿರುವವರು ನಿರ್ಗುಣೋಪಾಸಕರು. ಇವರ ಚೀಲದಲ್ಲಿ ಕಾಳೂ ಇಲ್ಲ, ಬರೀ ಗಾಳಿ. ಊದಿ ಮುಚ್ಚಳ ತಿರುಗಿಸಿದರೆ ದಿಂಬು. ಸಂಜೆ 20 ಡಿಗ್ರಿ ಸೆಕೆಯಲ್ಲಿ ಊದಿದ್ದು ಬೆಳಗಿನ ಮೈನಸ್ 10ಕ್ಕೆ ಹತ್ತರಲ್ಲಿ ಒಂದು ಪಾಲು ಕುಗ್ಗಿರುತ್ತದೆ. ಅದು ಭೌತಶಾಸ್ತ್ರ, ಗ್ಯಾರಂಟಿ ಕಾರ್ಡಿನಲ್ಲಿ ಅದಕ್ಕೆ ಪರಿಹಾರವಿಲ್ಲ. ಮುಳ್ಳಿನ ಪೊದೆಯೊಂದು ಮುಟ್ಟಿದರಂತೂ ಚೀಲ ಪೂರ್ಣ ವೈರಾಗ್ಯ ತಾಳುತ್ತದೆ.

ಹೆಸರುಗಳ ಬಗ್ಗೆಯೂ ಒಂದು ಮಾತು. ಒಂದು ಚೀಲದ ಹೆಸರು ಗೇಮ್ ಚೇಂಜರ್. ಇನ್ನೊಂದು ಫಾರ್ಚೂನ್ ಕುಕಿ. ಸಣ್ಣದೂ ಅಲ್ಲ, ಮಧ್ಯಮವೂ ಅಲ್ಲ ಎನ್ನುವ ಗಾತ್ರಕ್ಕೆ ಷ್ಮೀಡಿಯಂ ಎಂದು ನಾಮಕರಣ ಮಾಡಿದ ಪುಣ್ಯಾತ್ಮರೂ ಇದ್ದಾರೆ. ಇವೆಲ್ಲ ಹೆಸರು ಮಾಡಿದ್ದು ಕಾಡಿನಲ್ಲಲ್ಲ, ಸ್ಪರ್ಧೆಯ ಮೈದಾನದಲ್ಲಿ. 2012ರಲ್ಲಿ ಶುರುವಾದ ಪ್ರಿಸಿಷನ್ ರೈಫಲ್ ಸೀರೀಸ್ ಎಂಬ ಪಂದ್ಯಾವಳಿಯಲ್ಲಿ ಓಡಿ ಬಂದು, ಬೇಲಿಯ ಮೇಲೋ ಹಲಗೆಯ ಮೇಲೋ ಚೀಲ ಎಸೆದು, ಅದರ ಮೇಲೆ ಕೋವಿ ಕೂರಿಸಿ ಉಕ್ಕಿನ ತಗಡಿಗೆ ಹೊಡೆಯುತ್ತಾರೆ. ಅಲ್ಲಿ ಚೀಲ ನಿಜಕ್ಕೂ ಆಟ ಬದಲಿಸಿತು. ಆದರೆ ತಗಡು ನಿಂತಲ್ಲೇ ನಿಂತಿರುತ್ತದೆ. ಗುಂಡು ಅರ್ಧ ಅಡಿ ಆಚೆ ಬಿದ್ದರೆ ಅಂಕ ಹೋಗುತ್ತದೆ, ಯಾರ ಕರುಳೂ ಹರಿಯುವುದಿಲ್ಲ. ಮೈದಾನದ ಸಾಮಾನು ಕಾಡಿಗೆ ಬಂತು, ಮೈದಾನದ ಧೈರ್ಯವೂ ಜೊತೆಗೇ ಬಂತು. ಇದರ ಬಗ್ಗೆ ಮುಂದೆ ಹೇಳುವುದಿದೆ.

ಅದಕ್ಕೆ ಮೊದಲು ಬಣ್ಣದ ಸಮಾಚಾರ. ಚೀಲದ ಬಟ್ಟೆ ಎಲೆ, ಕಡ್ಡಿ, ತರಗು ಬರೆದ ಮರೆವೇಷದ ಬಟ್ಟೆಯಾಗಿರಬೇಕು, ಅದೂ ತಾನು ಹೋಗುವ ಕಣಿವೆಯ ತರಗಿಗೇ ಹೊಂದುವಂತಿರಬೇಕು ಎಂದು ಗಿರಾಕಿ ಹಠ ಹಿಡಿಯುತ್ತಾನೆ. ಇದೇ ಕೊಲೊರಾಡೊದಲ್ಲಿ ರೈಫಲ್ ಹಿಡಿದು ಎಲ್ಕ್ ಬೇಟೆಗೆ ಹೋಗುವವನು ಸೊಂಟದಿಂದ ಮೇಲೆ ಕನಿಷ್ಠ 500 ಚದರಂಗುಲ ಹೊಳೆಯುವ ಕಿತ್ತಳೆ ಬಣ್ಣ ತೊಡಬೇಕು, ತಲೆಗೂ ಅದೇ ಬಣ್ಣ. 2016ರಿಂದ ಹೊಳೆಯುವ ಗುಲಾಬಿಯೂ ಆದೀತು. ಒಬ್ಬರನ್ನೊಬ್ಬರು ಹೊಡೆದುಕೊಳ್ಳದಿರಲಿ ಎಂದು ಮಾಡಿದ ಕಾನೂನು ಇದು. ಅಂದರೆ ನಮ್ಮ ವೀರ ರಸ್ತೆ ಕಾಮಗಾರಿಯ ಮೇಸ್ತ್ರಿಯಂತೆ ಮೈತುಂಬ ಹೊಳೆಯುತ್ತ ಗುಡ್ಡದ ಮೇಲೆ ಮಲಗಿರುತ್ತಾನೆ. ಎದೆಯಡಿ ಅಡಗಿದ ಮುಷ್ಟಿಗಾತ್ರದ ಚೀಲ ಮಾತ್ರ ಯಾರ ಕಣ್ಣಿಗೂ ಬೀಳಬಾರದು.

ತೂಕದ ಕತೆಗೆ ಮರಳೋಣ. ಚೀಲದಿಂದ ಮರಳು ಹೋಯಿತು, ಮರುಳು ಹೋಗಲಿಲ್ಲ. ನೋಡಿ, ಮೊದಲು ಕೋವಿಯ ತೂಕ ಇಳಿಸಿದರು. ನಳಿಗೆಗೆ ಕಾರ್ಬನ್ ನಾರು ಸುತ್ತಿದರು, ಒಳಗಣ ಯಂತ್ರಕ್ಕೆ ಟೈಟಾನಿಯಂ ಹಾಕಿದರು, ಎರಡೂವರೆ ಕಿಲೋದ ಗರಿಯಂಥ ಕೋವಿ ಮಾಡಿದರು. ಹಗುರ ಕೋವಿ ಒದೆಯುತ್ತದೆ. ಅದು ಕೋವಿಯ ತಪ್ಪಲ್ಲ, ನ್ಯೂಟನ್ನನ ತಪ್ಪು. ಒದೆತ ತಡೆಯಲು ನಳಿಗೆಯ ಮೂತಿಗೆ ಬ್ರೇಕ್ ಹಾಕಿದರು. ಬ್ರೇಕ್ ಹಾಕಿದ ಕೋವಿಯ ಸದ್ದಿಗೆ ಕಿವಿ ಕಿವುಡಾಗತೊಡಗಿತು. ಸದ್ದು ತಗ್ಗಿಸಲು ಬ್ರೇಕ್ ಬಿಚ್ಚಿ ಸಪ್ರೆಸರ್ ತಿರುಗಿಸಿದರು, ಮುನ್ನೂರು ನಾನೂರು ಗ್ರಾಂ ಮೂತಿಯಲ್ಲೇ ಬಂದು ಕೂತಿತು. ಮೂತಿ ಭಾರವಾದದ್ದರಿಂದ ಕೈ ಸೋತಿತು, ಮುಂದೆ ಎರಡು ಕಾಲಿನ ಊರೆ ಬಂತು. ಪೊದೆ ಎತ್ತರವಿದ್ದಲ್ಲಿ ಮಲಗಿ ಹೊಡೆಯಲಾಗದು, ಮೂರು ಕಾಲಿನ ಊರೆಯೂ ಬಂತು. ದೂರ ಹೊಡೆಯಲು ದೊಡ್ಡ ದುರ್ಬೀನು ಕೋವಿಯ ಬೆನ್ನಿಗೆ ಹತ್ತಿತು, ದೂರ ಅಳೆಯುವ ಇನ್ನೊಂದು ದುರ್ಬೀನು ಎದೆಗೆ ತೂಗಿತು, ಗಾಳಿ ಅಳೆಯುವ ಯಂತ್ರ ಜೇಬಿಗೆ ಇಳಿಯಿತು. ಇವಕ್ಕೆಲ್ಲ ಬ್ಯಾಟರಿ, ಬ್ಯಾಟರಿಗೊಂದು ಜೋಡಿ ಬ್ಯಾಟರಿ. ಕೋವಿಯಿಂದ ಒಂದು ಕಿಲೋವನ್ನು ಹೊರದಬ್ಬಿದ್ದಕ್ಕೆ ಅದು ಮೂರು ಕಿಲೋ ಆಗಿ ಹಿತ್ತಲ ಬಾಗಿಲಿಂದ ಒಳಬಂತು. ಬೆಲ್ಟಿನ ಮೇಲೆ ಇಳಿಬಿದ್ದಿರುವ ತೂಕದ ಮಾತು ಬೇಡ, ಅದು ಅವರವರ ಮನೆಯ ವಿಷಯ.

ಈ ಪರಿವಾರ ಹೊತ್ತು ನಿಂತವನು ಕೊನೆಗೆ ಹೇಳುತ್ತಾನೆ: ಹಿಂಬುಡದ ಚೀಲ 210 ಗ್ರಾಂ ಇದೆ, 160 ಗ್ರಾಮಿನದ್ದು ಬಂದಿದೆಯಂತೆ, ತರಿಸಬೇಕು.

ಇಷ್ಟಕ್ಕೂ ಚೀಲ ಅವನ ಹತ್ತಿರವೇ ಇದೆ. ಬೆನ್ನಿನಲ್ಲಿರುವ ಹೊರೆಚೀಲವನ್ನು ಕೆಡವಿ ಮಲಗಿಸಿದರೆ ಮುಂದಿನ ಆಸರೆ ಆಯಿತು. ಚಳಿಗೆಂದು ತಂದ ಉಬ್ಬು ಜಾಕೀಟನ್ನು ಅದರದೇ ಸಂಚಿಗೆ ತುರುಕಿ ಬಿಗಿಯಾಗಿ ದಾರ ಎಳೆದರೆ ಹಿಂದಿನ ಆಸರೆ ಆಯಿತು. ಹೆಚ್ಚುವರಿ ತೂಕ ಸೊನ್ನೆ, ಬೆಲೆ ಸೊನ್ನೆ. ನಡೆಯಲು ಹಿಡಿದ ಎರಡು ಕೋಲನ್ನು ಅಡ್ಡ ಕಟ್ಟಿದರೆ ಕೂತು ಹೊಡೆಯಲು ಊರೆ ಸಿಕ್ಕಿತು. ಅದೂ ಬೇಡವೆಂದರೆ ಹಿಂಬುಡದ ಕೆಳಗೆ ಮುಷ್ಟಿ ಬಿಗಿಹಿಡಿಯುವುದು ಹಳೆಯ ಪಾಠ. ಮುಷ್ಟಿಯನ್ನು ಬಿಗಿ ಮಾಡಿದರೆ ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಮಳೆಗೆ ಉಬ್ಬುವುದಿಲ್ಲ, ಇಲಿ ತಿನ್ನುವುದಿಲ್ಲ. ಔಟ್‌ಡೋರ್ ಲೈಫ್ ಪತ್ರಿಕೆಯಲ್ಲಿ ದಶಕಗಟ್ಟಲೆ ಕೋವಿಯ ಬಗ್ಗೆ ಬರೆದ ಜ್ಯಾಕ್ ಓಕಾನರ್, 1925ರಲ್ಲಿ ಬಂದ ಪಾಯಿಂಟ್ 270 ತೋಟಾಕ್ಕೆ ಅಮೆರಿಕದ ಮನೆಮನೆಯಲ್ಲೂ ಜಾಗ ಮಾಡಿಕೊಟ್ಟ ಮನುಷ್ಯ. ಪರ್ವತದ ಟಗರುಗಳ ಹಿಂದೆ ಜೀವಮಾನವೆಲ್ಲ ಅಲೆದ. ಅವನ ಕಾಲದಲ್ಲಿ ಷ್ಮೀಡಿಯಂ ಇರಲಿಲ್ಲ, ಟಗರುಗಳು ಬದುಕಿ ಉಳಿಯಲೂ ಇಲ್ಲ.

ನಮ್ಮ ಕಡೆಯ ಉದಾಹರಣೆ ಬೇಕಾದರೆ ಕೊಡಗಿದೆ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಕೋವಿ ಎತ್ತುತ್ತಾರಲ್ಲ, ಅಲ್ಲಿ ಆಸರೆ ಎಂದರೆ ಭುಜ, ಉಸಿರು, ಹಿರಿಯರ ಬೈಗುಳ.

ಚೀಲ ಮಾರುವವನಿಗೂ ಇದೆಲ್ಲ ಗೊತ್ತು. ಅವನು ಮಾರುತ್ತಿರುವುದು ಆಸರೆಯನ್ನಲ್ಲ, ದೂರವನ್ನು. ನನಗೆ ನಗು ಬಾರದಿರುವುದು ಇಲ್ಲೇ.

ಕೋವಿ ಅಲುಗದಂತೆ ನಿಂತ ಕ್ಷಣ ದುರ್ಬೀನಿನ ಗೆರೆ ಎಲ್ಕ್‌ನ ಎದೆಯ ಮೇಲೆ ಮೊಳೆ ಹೊಡೆದಂತೆ ಕೂರುತ್ತದೆ. 500 ಗಜ ಆಚೆಯ ಪ್ರಾಣಿ ಅಂಗಳದಲ್ಲಿ ನಿಂತಂತೆ ಕಾಣುತ್ತದೆ. ಬೆರಳು ತುರಿಸುತ್ತದೆ. ಹತ್ತಿರ ಹೋಗಲು ಒಂದು ಕಣಿವೆ ಇಳಿದು ಹತ್ತಬೇಕು, ಗಾಳಿಯ ದಿಕ್ಕು ನೋಡಬೇಕು, ಒಂದೂವರೆ ಗಂಟೆ ಬೇಕು, ಅಷ್ಟರಲ್ಲಿ ಅದು ಹೋಗಿಬಿಡಬಹುದು. ಚೀಲ ಕಿವಿಯಲ್ಲಿ ಪಿಸುಗುಟ್ಟುತ್ತದೆ: ಯಾಕೆ ಕಷ್ಟ, ನಾನಿಲ್ಲವೇ?

ಚೀಲಕ್ಕೆ ಗಾಳಿಯ ವಿಚಾರ ಗೊತ್ತಿಲ್ಲ. ಗಂಟೆಗೆ 10 ಮೈಲಿಯ ಅಡ್ಡಗಾಳಿ, ಅಂದರೆ ಹುಲ್ಲು ಬಾಗಿಸಿ ಕೆನ್ನೆ ಸವರುವಷ್ಟು ಗಾಳಿ, ಇಂದಿನ ಜನಪ್ರಿಯ 6.5 ಕ್ರೀಡ್‌ಮೋರ್ ಗುಂಡನ್ನು 500 ಗಜದಲ್ಲಿ ಒಂದಡಿಗೂ ಹೆಚ್ಚು ಪಕ್ಕಕ್ಕೆ ಒಯ್ಯುತ್ತದೆ. ಬೇಟೆಗಾರನ ಜೇಬಿನ ಯಂತ್ರ ಅಳೆಯುವುದು ಅವನು ಮಲಗಿರುವ ಜಾಗದ ಗಾಳಿ. ನಡುವಿನ ಕಣಿವೆಯಲ್ಲಿ ಗಾಳಿ ತನ್ನಿಷ್ಟದಂತೆ ಸುಳಿಯುತ್ತದೆ. ಚೀಲಕ್ಕೆ ಕಾಲದ ವಿಚಾರವೂ ಗೊತ್ತಿಲ್ಲ. ಆ ದೂರ ತಲುಪಲು ಗುಂಡಿಗೆ ಅರ್ಧ ಸೆಕೆಂಡಿಗೂ ಮೇಲೆ ಬೇಕು. ಅಷ್ಟರಲ್ಲಿ ಮೇಯುತ್ತಿದ್ದ ಎಲ್ಕ್ ಒಂದೇ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶವಿದ್ದ ಜಾಗಕ್ಕೆ ಹೊಟ್ಟೆ ಬಂದಿರುತ್ತದೆ. ಟ್ರಿಗರ್ ಎಳೆದಾಗ ಗುರಿ ಸರಿಯಾಗಿಯೇ ಇತ್ತು. ಚೀಲವೂ ತನ್ನ ಕೆಲಸ ಮಾಡಿತ್ತು. ಪ್ರಾಣಿ ಮಾತ್ರ ಹರಿದ ಹೊಟ್ಟೆ ಹೊತ್ತು ಎರಡು ಗುಡ್ಡ ದಾಟಿ, ರಾತ್ರಿಯಿಡೀ ನರಳಿ, ಎಲ್ಲೋ ಸಾಯುತ್ತದೆ. ಅದರ ತೂಕವನ್ನು ಯಾವ ತಕ್ಕಡಿಯೂ ತೋರಿಸುವುದಿಲ್ಲ.

ಇದು ಹೊರಗಿನವನ ಕೊಂಕಲ್ಲ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇದೆಯಲ್ಲ, ಬೇಟೆಗಾರರದೇ ಸಂಘ, ಕೊಂಬುಗಳ ದಾಖಲೆ ಬರೆದಿಡುವ ಸಂಘ, ಅದೂ ಇದನ್ನೇ ಹೇಳಿದೆ: ಎಷ್ಟು ದೂರ ಮುಟ್ಟುತ್ತದೆ ನೋಡೋಣ ಎಂದು ಜೀವವಿರುವ ಪ್ರಾಣಿಯ ಮೇಲೆ ಸಾಮಾನು ಪರೀಕ್ಷಿಸುವುದು ಬೇಟೆಯೇ ಅಲ್ಲ. ನಮ್ಮ ಆಂಡರ್ಸನ್ನನ ಪಾಯಿಂಟ್ 405 ವಿಂಚೆಸ್ಟರಿಗೂ ಹಿಂಬುಡದ ಚೀಲ ಇರಲಿಲ್ಲ. ಮಚಾನಿನ ಬುಡಕ್ಕೆ ಬಂದು ನಿಂತ ನರಭಕ್ಷಕನಿಗೆ ಗುರಿಯಿಡುವಾಗ ಬೇಕಾಗಿದ್ದದ್ದು ಎದೆಗಾರಿಕೆ. ಹತ್ತಿರ ಇದ್ದವನ ಗುರಿ ತಪ್ಪಿದರೆ ಲೆಕ್ಕ ಅಲ್ಲಿಯೇ ಚುಕ್ತಾ ಆಗುತ್ತಿತ್ತು. 500 ಗಜದಲ್ಲಿ ಲೆಕ್ಕ ಚುಕ್ತಾ ಮಾಡುವುದು ಒಂದೇ ಪಕ್ಷ.

ಇನ್ನು, ಹೊಡೆದದ್ದು ಬಿತ್ತು ಎಂದೇ ಇಟ್ಟುಕೊಳ್ಳಿ. ಮೂಳೆ ಬಿಡಿಸಿದ ಮೇಲೂ ದೊಡ್ಡ ಗಂಡು ಎಲ್ಕ್‌ನ ಮಾಂಸ ನೂರು ಕಿಲೋ ಹತ್ತಿರ ಬರುತ್ತದೆ. ಅದನ್ನು ಕಾಡಿನಲ್ಲೇ ಕೊಳೆಯಲು ಬಿಟ್ಟು ಕೊಂಬು ಮಾತ್ರ ತರುವಂತಿಲ್ಲ, ಕಾನೂನು ಹಿಡಿಯುತ್ತದೆ. ಚಕ್ರಕ್ಕೆ ಅನುಮತಿ ಇಲ್ಲ ಎಂದು ಆಗಲೇ ಹೇಳಿದೆ. ಹೊರೆಗೆ 25 ಕಿಲೋದಂತೆ ನಾಲ್ಕು ಸಲ ಹೊರಬೇಕು. ಕಾರು 5 ಮೈಲಿ ದೂರದಲ್ಲಿದ್ದರೆ ಹೊರೆ ಹೊತ್ತು ನಾಲ್ಕು ಸಲ, ಬರಿಗೈಲಿ ಮರಳಿ ಮೂರು ಸಲ, ಒಟ್ಟು 35 ಮೈಲಿ. ಈ ನಡಿಗೆಯಲ್ಲಿ, ಮೂರನೆಯ ಹೊರೆಯ ಹೊತ್ತಿಗೆ, ಮಂಡಿ ಕಳಚಿ ಬೀಳುವಂತಿರುವಾಗ, ಚೀಲದಲ್ಲಿ ಉಳಿಸಿದ 50 ಗ್ರಾಂ ಎಷ್ಟು ಉಪಕಾರ ಮಾಡಿತು ಎಂದು ಅವನನ್ನು ಕೇಳಬೇಕು. ದೂರದಿಂದ ಕೇಳುವುದು ಕ್ಷೇಮ.

ಕೊಲೊರಾಡೊ ಎಂದರೆ ಅಮೆರಿಕದಲ್ಲೇ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ. ಆದರೂ ಅಲ್ಲಿ ಬೇಟೆಗೆ ಹೋದವರಲ್ಲಿ ಎಲ್ಕ್ ಹೊಡೆದು ಬರುವವರು ಐವರಲ್ಲಿ ಸುಮಾರು ಒಬ್ಬರು. ಉಳಿದ ನಾಲ್ವರು ಚೀಲವನ್ನು ಗುಡ್ಡಕ್ಕೆ ಗಾಳಿ ಸವಾರಿ ಮಾಡಿಸಿ ಹುಷಾರಾಗಿ ಮನೆಗೆ ಕರೆತರುತ್ತಾರೆ. ಮುಂದಿನ ವರ್ಷಕ್ಕೆ ಇನ್ನೂ ಹಗುರದ್ದು ಬೇಕೆಂದು ತೀರ್ಮಾನಿಸುತ್ತಾರೆ. ಎಲ್ಕ್ ಸಿಗದಿರಲು ಕಾರಣ ಚೀಲದ ತೂಕವೇ ಎಂದು ಕುಣಿಯಲಾರದವಳು ನೆಲ ಡೊಂಕು ಎಂದಷ್ಟೇ ಗಟ್ಟಿಯಾಗಿ ನಂಬುತ್ತಾರೆ.

ಇದೆಲ್ಲ ಬಿಳಿಯರ ಹುಚ್ಚು, ನಮಗೇಕೆ ಎನ್ನುವವರಿಗೆ ಒಂದು ಕಾನೂನು ಸಂಗತಿ ಹೇಳುತ್ತೇನೆ. ಎಚ್-ಒನ್-ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋದವನು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕೋವಿ ಇಟ್ಟುಕೊಳ್ಳುವಂತಿಲ್ಲ. ಆದರೆ ಆ ನಿಷೇಧಕ್ಕೆ ವಿನಾಯಿತಿಗಳಿವೆ, ಅದರಲ್ಲೊಂದು ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸು. ಗ್ರೀನ್ ಕಾರ್ಡಿಗೆ ದಶಕಗಟ್ಟಲೆ ಕಾಯುವ ನಮ್ಮ ಹುಡುಗನಿಗೆ ಆ ದೇಶ ಇಷ್ಟು ಬೇಗ ಕೊಡಬಲ್ಲ ಹಕ್ಕು ಇನ್ನೊಂದಿಲ್ಲ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ಕೊಲೊರಾಡೊದಲ್ಲಿ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು. ಪರೀಕ್ಷೆ ಪಾಸು ಮಾಡುವುದರಲ್ಲಿ ನಮ್ಮವರನ್ನು ಹಿಂದಿಕ್ಕುವವರುಂಟೇ? ಮೊದಲು ಎಕ್ಸೆಲ್ ಹಾಳೆ ತೆರೆಯುತ್ತಾನೆ. ಗ್ರಾಮಿಗೆ ಎಷ್ಟು ಡಾಲರ್, ಲೀಟರಿಗೆ ಎಷ್ಟು ಗ್ರಾಂ, ಬಟ್ಟೆಯ ಡೀನಿಯರ್ ಎಷ್ಟು. ಕಾಲಂಗಳಿಗೆ ಬಣ್ಣ ತುಂಬುತ್ತಾನೆ. ಜಿಪ್ಪು ಇರಬೇಕೋ ಬೇಡವೋ ಎಂದು ಬೆಂಗಳೂರಿನ ಭಾವಮೈದುನನ ಜೊತೆ ವಾರವಿಡೀ ಚರ್ಚಿಸುತ್ತಾನೆ. ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ, ಕುತ್ತಿಗೆ ನೋವಾ ಮಗಾ, ದಿಂಬು ಚಿಕ್ಕದಾಯ್ತಲ್ಲ, ಎಂದು ಕೇಳುತ್ತಾಳೆ. ಚೀಲ ಕೊಂಡವನು ಕೋವಿ ಕೊಳ್ಳುವುದು ಮುಂದಿನ ವರ್ಷ, ಬೇಟೆ ಅದರ ಮುಂದಿನ ವರ್ಷ, ಅಷ್ಟರೊಳಗೆ ಚೀಲದ ಹೊಸ ಆವೃತ್ತಿ ಬಂದಿರುತ್ತದೆ. ಎಲ್ಕ್‌ಗಳ ದೃಷ್ಟಿಯಿಂದ ನೋಡಿದರೆ ನಮ್ಮವರಷ್ಟು ಅಹಿಂಸಾವಾದಿ ಬೇಟೆಗಾರರು ಬೇರೆ ಇಲ್ಲ.

ಇಷ್ಟು ಬೈದ ಮೇಲೂ ಕೊಳ್ಳಲೇಬೇಕು ಎನ್ನುವವರು ಇದ್ದೇ ಇರುತ್ತಾರೆ. ಅಂಥವರು ಅಂಗಡಿಯಲ್ಲಿ ತೂಕ ಕೇಳಬೇಡಿ. ಕುಲುಕಿ ಸದ್ದು ಕೇಳಿ. ಒದ್ದೆ ಕೈಯಲ್ಲಿ ಹಿಡಿದು ಜಾರುತ್ತದೆಯೇ ನೋಡಿ. ಮೇಣ ಸವರಿದ ಕ್ಯಾನ್ವಾಸು ಕೋವಿಯನ್ನು ಹಿಡಿದುಕೊಳ್ಳುತ್ತದೆ, ರೇಷ್ಮೆಯಂಥ ಹಗುರ ಬಟ್ಟೆ ಜಾರಿಸುತ್ತದೆ. ಪೂರ್ತಿ ಬಿಗಿಯಾಗಿ ತುಂಬಿದ್ದಕ್ಕಿಂತ ಒಂದಿಷ್ಟು ಸಡಿಲ ಬಿಟ್ಟದ್ದು ಹಿಂಡಲು ಚೆನ್ನ. ಖಾಲಿ ಸಿಗುವುದಾದರೆ ಖಾಲಿ ಚೀಲವನ್ನೇ ತಂದು ಒಳಗೆ ನಿಮ್ಮ ಜಾಕೀಟು ತುರುಕಿ. ಚಳಿ ಹತ್ತಿದರೆ ಜಾಕೀಟು ಮೈಗೆ ಹೋಗುತ್ತದೆ, ಚೀಲ ಬರಿದಾಗುತ್ತದೆ ಎಂಬ ಒಂದು ತೊಡಕಿದೆ. ಆಗ ಟೋಪಿ, ಕಾಲುಚೀಲ, ಏನಿದೆಯೋ ಅದು.

ಆಮೇಲೆ ಅದನ್ನು ಹಿಡಿದು ಮೈದಾನಕ್ಕೆ ಹೋಗಿ. ಮೇಜಿನ ಮುಂದೆ ಕೂತು ಹೊಡೆಯಬೇಡಿ. ಹೊರೆ ಹೊತ್ತು ಎದೆ ಡವಗುಟ್ಟುವ ತನಕ ದಿಬ್ಬ ಹತ್ತಿ ಇಳಿದು, ತಕ್ಷಣ ನೆಲದ ಮೇಲೆ ಕೂತು, ಆ ಏದುಸಿರಿನಲ್ಲೇ 200 ಗಜದ ಊಟದ ತಟ್ಟೆಯಷ್ಟು ಗುರಿಗೆ ಹೊಡೆಯಿರಿ. ಹತ್ತಕ್ಕೆ ಹತ್ತು ಬಿದ್ದರೆ ಕಾಡಿನಲ್ಲಿ ನಿಮ್ಮ ದೂರ 200 ಗಜ. ಏಳು ಬಿದ್ದರೆ 100 ಗಜಕ್ಕೆ ಬನ್ನಿ. ಚೀಲ ಬದಲಿಸಿ ಮತ್ತೆ ಹೊಡೆದು ನೋಡಿ. ಸಂಖ್ಯೆ ಬದಲಾಗದಿದ್ದರೆ ಹೊಸ ಚೀಲವನ್ನು ಅಂಗಡಿಗೆ ಮರಳಿಸಿ, ಆ ದುಡ್ಡಿಗೆ ತೋಟಾ ಕೊಳ್ಳಿ. ಕೊಲೊರಾಡೊದ ರೈಫಲ್ ಸೀಸನ್ ತೆರೆಯುವುದು ಅಕ್ಟೋಬರಿನಲ್ಲಿ. ಅಭ್ಯಾಸಕ್ಕೆ ಬೇಸಿಗೆ ಇಡೀ ಇದೆ.